ನಾಲ್ಕು ಮೂಲೆಯ ಗಡಿಯಾರ

ದಸರೆ ರಜೆಗೆ ಹೊಳಲಿಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ನನ್ನ ತಿಜೋರಿಯನ್ನೆಲ್ಲ ಜಾಲಾಡಿದಳು. ಹಳೆಯ ಪಾಸ್‌ಬುಕ್ಕುಗಳು, ಮಸಿ ಒಣಗಿದ ಎರಡು ಪೆನ್ನು, ನನ್ನ ಬಿ.ಕಾಂ. ಪದವಿ ಪತ್ರ ಇವುಗಳ ನಡುವೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ನನ್ನ ಮದುವೆಯ ಕೈಗಡಿಯಾರ. ಚೌಕಾಕಾರದ ಎಚ್‌ಎಂಟಿ. ಅವಳು ಅದನ್ನು ಅಂಗೈ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಜ್ಜ, ಮುಳ್ಳು ರೌಂಡಾಗಿ ತಿರುಗುತ್ತೆ. ಮತ್ತೆ ವಾಚ್ ಯಾಕೆ ಚೌಕ ಇದೆ?" ಎಂದು ಕೇಳಿದಳು.

"ಹಂಗ ಮಾಡ್ಯಾರವ್ವ" ಎಂದೆ.

ಏಳನೇ ತರಗತಿಯ ಹುಡುಗಿ. ಆ ಉತ್ತರಕ್ಕೆ ಸುಮ್ಮನಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸುಮ್ಮನಿರಲಾಗಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವ ತನಕ ಮನೆಗೆ ಹೋದವನಲ್ಲ. ಈ ಪ್ರಶ್ನೆಯೂ ಹಾಗೇ ತಲೆಯಲ್ಲಿ ಕುಳಿತಿತು. ಮರುದಿನ ಅವಳ ಕಂಪಾಸ್ ಬಾಕ್ಸ್ ತರಿಸಿ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಇಬ್ಬರೂ ಗಡಿಯಾರ ಬರೆಯಲು ಕುಳಿತೆವು.

ಮಕ್ಕಳೇ, ನೀವೂ ಬರೆದು ನೋಡಿ. 20 ಸೆಂಟಿಮೀಟರ್ ಬದಿಯ ಒಂದು ಚೌಕ ಹಾಕಿ, ನಟ್ಟ ನಡುವೆ ಚುಕ್ಕಿ ಇಡಿ. ಗಡಿಯಾರದ ಒಂದು ನಿಮಿಷವೆಂದರೆ 6 ಡಿಗ್ರಿ. ಕೋನಮಾಪಕವನ್ನು ಆ ಚುಕ್ಕಿಯ ಮೇಲಿಟ್ಟು ಪ್ರತಿ 6 ಡಿಗ್ರಿಗೆ ಒಂದೊಂದು ಗೆರೆಯನ್ನು ಚೌಕದ ಅಂಚಿನ ತನಕ ಎಳೆಯಿರಿ. ವೃತ್ತದಲ್ಲಾಗಿದ್ದರೆ ಅರವತ್ತು ಗುರುತುಗಳ ನಡುವಿನ ಅಂತರವೂ ಒಂದೇ ಇರುತ್ತದೆ. ಚೌಕದಲ್ಲಿ ಹಾಗಿಲ್ಲ. 12ರ ಗುರುತಿನಿಂದ ಮೊದಲ ನಿಮಿಷದ ಗುರುತಿಗೆ ಅಂಚಿನ ಮೇಲೆ ಸುಮಾರು ಒಂದೇ ಸೆಂಟಿಮೀಟರ್. ಆರನೆಯ ನಿಮಿಷದಿಂದ ಏಳನೆಯದಕ್ಕೆ ಹೋಗುವಾಗ ಅದು ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಆಗಿರುತ್ತದೆ. ಮೂಲೆ ಬರುವುದು ಸರಿಯಾಗಿ ಏಳೂವರೆ ನಿಮಿಷಕ್ಕೆ. ಅಂದರೆ ನಡುವಿನ ನಿಮಿಷಗಳು ಒತ್ತೊತ್ತಾಗಿ ಕುಳಿತರೆ, ಮೂಲೆಯ ನಿಮಿಷಗಳು ಕಾಲು ಚಾಚಿ ಕುಳಿತಿರುತ್ತವೆ.

ಇನ್ನೊಂದು ಫಜೀತಿ ಮುಳ್ಳಿನದು. 12ರಲ್ಲಿ ಅಂಚಿಗೆ ಮುಟ್ಟುವ ಮುಳ್ಳು 10 ಸೆಂಟಿಮೀಟರ್ ಉದ್ದವಿದ್ದರೆ ಸಾಕು. ಆದರೆ ಮೂಲೆಗೆ ನಡುವಿನಿಂದ 14 ಸೆಂಟಿಮೀಟರಿಗಿಂತ ತುಸು ಹೆಚ್ಚೇ ದೂರ. ಮುಳ್ಳೇನು ರಬ್ಬರಿನದಲ್ಲ, ಅಲ್ಲಿ ಹೋದಾಗ ಉದ್ದವಾಗಲಿಕ್ಕೆ. ಮೂಲೆಯ ಹತ್ತಿರ ಅದು ಸುಮಾರು ನಾಲ್ಕು ಸೆಂಟಿಮೀಟರ್ ದೂರದಿಂದಲೇ ಕೈ ತೋರಿಸಿ ಮುಂದೆ ಹೋಗುತ್ತದೆ.

ಗುಂಡಗಿನ ಗಡಿಯಾರ ಮಾಡುವವನಿಗೆ ಈ ತಾಪತ್ರಯಗಳಿಲ್ಲ. ನಾಲ್ಕು ಮೂಲೆಯದನ್ನು ಮಾಡುವವನು ಬೇಕೆಂದೇ ಇವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ಆ ನಾಲ್ಕು ಮೂಲೆಗಳಿಗೆ ಅವನು ಏನು ಉಪಾಯ ಮಾಡಿದ್ದಾನೆ ಎಂದು ಹುಡುಕಿ ನೋಡುವುದೇ ಇಂಥ ಗಡಿಯಾರವನ್ನು ಮೆಚ್ಚುವ ರೀತಿ. ಇದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ.

ನಮ್ಮೂರಿನ ಅನಂತಶಯನ ಗುಡಿ ನೋಡಿದವರಿಗೆ ಈ ಮಾತು ಬೇಗ ಹತ್ತುತ್ತದೆ. ಮಲಗಿದ ದೇವರನ್ನು ಕೆತ್ತಲು ಅಡ್ಡಗಲದ ಕಲ್ಲೇ ಬೇಕು. ತಲೆಯ ಮೇಲೆ ಹೆಡೆ ಬಿಚ್ಚಿದ ಆದಿಶೇಷ, ಕಾಲ ಬಳಿ ಲಕ್ಷ್ಮಿ, ಹೊಕ್ಕುಳ ತಾವರೆಯ ಮೇಲೆ ಬ್ರಹ್ಮ, ಹೀಗೆ ಅನಂತಶಯನನನ್ನು ಕೆತ್ತುವ ಶಿಲ್ಪಿ ಯಾವ ಮೂಲೆಯನ್ನೂ ಬರಿದು ಬಿಡುವುದಿಲ್ಲ. ಬರಿದು ಬಿಟ್ಟರೆ ಕಲ್ಲು ಕಲ್ಲಾಗಿಯೇ ಕಾಣುತ್ತದೆ.

ಈಗ ನನ್ನ ಗಡಿಯಾರದ ಕತೆಗೆ ಬರುತ್ತೇನೆ. 1978ರಲ್ಲಿ ನನ್ನ ಮದುವೆ. ಮಾವನವರದು ಹೂವಿನಹಡಗಲಿ ಕಡೆ ಮಲ್ಲಿಗೆ ತೋಟ. ಅವರು ಆಯುಷ್ಯದಲ್ಲಿ ಕೈಗೆ ಗಡಿಯಾರ ಕಟ್ಟಿದವರಲ್ಲ. ಮೊಗ್ಗು ಬಿಡಿಸುವ ಹೊತ್ತು ಅವರಿಗೆ ಗಡಿಯಾರವಿಲ್ಲದೆಯೇ ಗೊತ್ತಿತ್ತು. ಬ್ಯಾಂಕಿನ ಅಳಿಯನಿಗೆ ಮಾತ್ರ ವಾಚು ಕೊಡಲೇಬೇಕೆಂದು ಹಟ. ಆಗ ಎಚ್‌ಎಂಟಿ ಎಂದರೆ ಹೆಸರು ಹಚ್ಚಿ ಕಾಯಬೇಕಾದ ಕಾಲ. ಬೆಂಗಳೂರಿನ ಸಂಬಂಧಿಕರೊಬ್ಬರನ್ನು ಹಿಡಿದು ತರಿಸಿದರು. ಎಲ್ಲರ ಕೈಯಲ್ಲಿದ್ದ ಗುಂಡಗಿನದು ಅವರಿಗೆ ಬೇಡವಾಗಿತ್ತು. "ಹೊಲದ್ಹಂಗ ನಾಕು ಮೂಲಿ ಇರೂದು ತರ್ರಿ. ಮೂಲಿ ಇದ್ರ ಬದು ಇರತೈತಿ, ಬದು ಇದ್ರ ಯಾರ್ದಂತ ಗೊತ್ತಾಗತೈತಿ" ಎಂದಿದ್ದರಂತೆ. ಅವರು ಹಾಗೆ ಹೇಳಿ ಕಳಿಸಿದ ವಾಚು ಹಿತ್ತಾಳೆಯ ಕೇಸಿನ ಮೇಲೆ ಬಂಗಾರದ ನೀರು ಹಾಕಿದ್ದು, ದಿನಾ ಬೆಳಿಗ್ಗೆ ಕೀ ಕೊಡುವಂಥದು. ಮದುವೆ ಮಂಟಪದಲ್ಲಿ ಬಾಸಿಂಗಕ್ಕಿಂತ ಹೆಚ್ಚು ಜನ ಅದನ್ನೇ ನೋಡಿದರು.

ಎಚ್‌ಎಂಟಿಯ ವಿಷಯ ಈಗಿನ ಮಕ್ಕಳಿಗೆ ಎರಡು ಮಾತು ಹೇಳಬೇಕು. ಹಿಂದೂಸ್ತಾನ್ ಮಷಿನ್ ಟೂಲ್ಸ್ ಎಂಬ ಸರ್ಕಾರಿ ಕಾರ್ಖಾನೆ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿತು. ಯಂತ್ರ ಮಾಡುವ ಯಂತ್ರಗಳನ್ನು ಮಾಡುವುದು ಅದರ ಮೂಲ ಕೆಲಸ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಅಲ್ಲಿ ಕೈಗಡಿಯಾರ ತಯಾರಿಕೆ ಶುರುವಾಯಿತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್ ಎಂದು ಮಕ್ಕಳಿಗೆ ಹೆಸರಿಟ್ಟ ಹಾಗೆ ಮಾದರಿಗಳಿಗೆ ಹೆಸರಿಟ್ಟರು. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ಗಡಿಯಾರವನ್ನೂ ಮಾಡಿದರು. ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. 2016ರಲ್ಲಿ ಕೈಗಡಿಯಾರದ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅದಾದ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಎಲ್ಲಿಲ್ಲದ ಪ್ರೀತಿ ಹುಟ್ಟಿಕೊಂಡಿದೆ! ಜಾಲಹಳ್ಳಿಯಲ್ಲಿ 2019ರಲ್ಲಿ ಇದರದೇ ಒಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ; ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ನನ್ನ ವಾಚಿನ ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದಿದೆ. ಮದುವೆಯಾದ ಹೊಸತರಲ್ಲಿ ಊರಲ್ಲಿ ಸುದ್ದಿ ಹಬ್ಬಿತ್ತು, ಇವರ ಅಳಿಯನ ವಾಚಿನೊಳಗೆ ಹದಿನೇಳು ಮಾಣಿಕ್ಯ ಇದಾವಂತೆ ಎಂದು. ಸುಳ್ಳೇನಲ್ಲ. ಆದರೆ ಅವು ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯದ ಚೂರುಗಳು, ಸಾಸಿವೆಗಿಂತ ಸಣ್ಣವು. ಚಕ್ರದ ಅಚ್ಚುಗಳು ಸವೆಯದಂತೆ ಅವುಗಳ ತುದಿಗೆ ಇಟ್ಟ ಗಟ್ಟಿ ಕಲ್ಲು ಅಷ್ಟೇ. ಮಾರಿದರೆ ಒಂದು ಚಹಾಕ್ಕೂ ಸಾಲದು. ಗಡಿಯಾರ ಕಿವಿಗೆ ಹಿಡಿದರೆ ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ, ಗಂಟೆಗೆ 18,000. ಹೀಗೆ ಸವೆಸುವ ಕೆಲಸಕ್ಕೆ ಮಾಣಿಕ್ಯದಷ್ಟು ಗಟ್ಟಿಯಾದದ್ದೇ ಬೇಕು.

ಒಮ್ಮೆ ಅದನ್ನು ರಿಪೇರಿಗೆ ಒಯ್ದಾಗ, ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನಿನ ಮುಚ್ಚಳ ತೆಗೆದು ನನಗೂ ತೋರಿಸಿದ್ದರು. ಚೌಕದ ಮನೆಯೊಳಗೆ ಗುಂಡಗಿನ ಯಂತ್ರ! ಸುತ್ತ ಒಂದು ಬಳೆ ಕೊಟ್ಟು ಅದನ್ನು ಅಲುಗಾಡದಂತೆ ಕೂರಿಸಿದ್ದರು. ನಾಲ್ಕು ಮೂಲೆ ಖಾಲಿ. ಮೊಮ್ಮಗಳ ಜೊತೆ ಈ ಲೆಕ್ಕವನ್ನೂ ಮಾಡಿದೆ. ಚೌಕದೊಳಗೆ ಹಿಡಿಸುವ ದೊಡ್ಡ ವೃತ್ತ ಹಾಕಿದರೆ ಅದು ಚೌಕದ ಜಾಗದಲ್ಲಿ ನೂರಕ್ಕೆ ಎಪ್ಪತ್ತೆಂಟೂವರೆ ಪಾಲು ತುಂಬುತ್ತದೆ. ಅದೇ ಎರಡಕ್ಕೆ ಮೂರರ ಅಳತೆಯ ಉದ್ದನೆಯ ಆಯತವಾದರೆ, ಅದರ ಅಗಲಕ್ಕೆ ಹಿಡಿಸುವ ವೃತ್ತ ತುಂಬುವುದು ನೂರಕ್ಕೆ ಐವತ್ತೆರಡು ಮಾತ್ರ. ಅರ್ಧ ಮನೆ ಪಾಳು! ಹಾಗಾಗಿ ಶ್ರೀಮಂತರ ಗಡಿಯಾರ ಮಾಡುವ ಕೆಲವರು ಯಂತ್ರವನ್ನೇ ಉದ್ದಕ್ಕೆ ಮಾಡಿದರು. ಸ್ವಿಟ್ಜರ್ಲೆಂಡಿನಲ್ಲಿ 1929ರಲ್ಲಿ ಬಂದ 'ಕ್ಯಾಲಿಬರ್ 101' ಎಂಬ ಯಂತ್ರ ಬೆಂಕಿಕಡ್ಡಿಯ ತುಂಡಿನಂತಿದ್ದು, ಅದರ ತೂಕ ಹೆಚ್ಚುಕಡಿಮೆ ಒಂದು ಗ್ರಾಂ. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿ 1953ರ ಪಟ್ಟಾಭಿಷೇಕದ ದಿನ ಕಟ್ಟಿಕೊಂಡದ್ದು ಆ ಯಂತ್ರವಿದ್ದ ಗಡಿಯಾರವನ್ನೇ.

ಅಂಥ ದುಬಾರಿ ಗಡಿಯಾರಗಳನ್ನು ಕಣ್ಣಾರೆ ನೋಡುವ ಯೋಗ ನನಗೆ ಮೊಮ್ಮಗಳಿಂದಲೇ ಬಂತು. ದೀಪಾವಳಿಗೆ ಬೆಂಗಳೂರಿನ ಮಗಳ ಮನೆಗೆ ಹೋದಾಗ ಅವಳು ಒಂದು ದೊಡ್ಡ ಗಡಿಯಾರದಂಗಡಿಗೆ ಎಳೆದುಕೊಂಡು ಹೋದಳು. ಬಾಗಿಲಲ್ಲಿ ಕೋಟು ಹಾಕಿದ ಕಾವಲುಗಾರ. ನನ್ನ ಪಂಚೆ, ಚಪ್ಪಲಿ ನೋಡಿ ವಾಪಸು ಕಳಿಸುತ್ತಾನೆಂದು ಅಂದುಕೊಂಡೆ. ಅವನು ನಮಸ್ಕಾರ ಮಾಡಿದ. ಒಳಗೆ ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು, "ತಗೊಳ್ಳಾಕ ಬಂದಿಲ್ಲವ್ವ, ಮೂಲಿ ಇರೂ ವಾಚು ನೋಡಾಕ ಬಂದೀನಿ" ಎಂದೆ. ಅವಳ ಮುಖ ಅರಳಿತು. "ಯಾವೂರ್ರಿ ಅಜ್ಜಾರ ನಿಮ್ದು? ನಮ್ದು ಹಾವೇರಿ ಕಡೇನ" ಎಂದು ಕುರ್ಚಿ ಎಳೆದು ಕೂರಿಸಿದಳು. ಮುಂದಿನ ಅರ್ಧ ತಾಸು ನಾನು ರಾಜನೇ.

ಮೊದಲು ತೋರಿಸಿದ್ದು ಕಾರ್ಟಿಯೇ ಕಂಪನಿಯ 'ಟ್ಯಾಂಕ್'. ಪ್ಯಾರಿಸ್ಸಿನ ಲೂಯಿ ಕಾರ್ಟಿಯೇ ಇದನ್ನು ರೂಪಿಸಿದ್ದು 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ. ಯುದ್ಧದ ಟ್ಯಾಂಕನ್ನು ಮೇಲಿನಿಂದ ನೋಡಿದರೆ ಎರಡು ಪಕ್ಕಕ್ಕೆ ಉದ್ದನೆಯ ಪಟ್ಟಿಗಳು, ನಡುವೆ ಮೈ. ಗಡಿಯಾರವೂ ಹಾಗೇ. ಎಡಬಲದ ಎರಡು ಉದ್ದ ಕಂಬಿಗಳು ಮೇಲೆ ಕೆಳಗೆ ಮುಂದೆ ಚಾಚಿ, ಅವೇ ಬೆಲ್ಟ್ ಸಿಕ್ಕಿಸುವ ಕೊಂಬುಗಳಾಗುತ್ತವೆ. ಬೇರೆ ಗಡಿಯಾರಗಳಲ್ಲಿ ಕೊಂಬನ್ನು ಆಮೇಲೆ ಅಂಟಿಸಿದ ಹಾಗೆ ಕಾಣುತ್ತದಲ್ಲ, ಇಲ್ಲಿ ಗಡಿಯಾರ ಎಲ್ಲಿ ಮುಗಿಯಿತು, ಬೆಲ್ಟು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಡೆಯುವುದೇ ಇಲ್ಲ. ರೋಮನ್ ಅಂಕಿಗಳನ್ನು ನೋಡಿ: 12 ಮತ್ತು 6 ನೆಟ್ಟಗಿವೆ, ಮೂಲೆಯ ಕಡೆಯವು ಓರೆಯಾಗಿ, ಉದ್ದಕ್ಕೆ ಎಳೆದುಕೊಂಡು ಮೂಲೆ ತುಂಬಿವೆ. ನಮ್ಮ ಕ್ಯಾಲೆಂಡರ್ ಹಾಳೆಯ ಮೇಲೆ ಕಾಲು ಚಾಚಿದ್ದ ನಿಮಿಷಗಳೇ! ನಿಮಿಷದ ಗುರುತುಗಳನ್ನು ಅಂಚಿಗೆ ಇಡದೆ, ಒಳಗೆ ಇನ್ನೊಂದು ಸಣ್ಣ ಚೌಕಟ್ಟು ಹಾಕಿ ರೈಲು ಹಳಿಯ ಹಾಗೆ ಎರಡು ಗೆರೆಗಳ ನಡುವೆ ಕೂರಿಸಿದ್ದಾರೆ. ಮುಳ್ಳಿಗೂ ಮೂಲೆಗೂ ಇದ್ದ ದೂರ ಹೀಗೆ ಕಡಿಮೆಯಾಯಿತು.

ಆ ಹುಡುಗಿ ಇನ್ನೊಂದು ಗುಟ್ಟು ತೋರಿಸಿದಳು. ಏಳರ ರೋಮನ್ ಗುರುತಿನ ಒಂದು ಗೆರೆ, ಬರಿಗಣ್ಣಿಗೆ ಗೆರೆಯೇ. ಭೂತಗನ್ನಡಿ ಹಿಡಿದರೆ ಅದರೊಳಗೆ ಕಂಪನಿಯ ಹೆಸರು. ನನಗೆ ನಗು ಬಂತು. ನಮ್ಮ ನೋಟುಗಳಲ್ಲಿ ಗಾಂಧೀಜಿ ಚಿತ್ರದ ಬಳಿ ಇರುವ ಸೂಕ್ಷ್ಮ ಅಕ್ಷರಗಳನ್ನು ಕ್ಯಾಶ್ ಕೌಂಟರಿನಲ್ಲಿ ಎಷ್ಟು ಮಂದಿಗೆ ತೋರಿಸಿದ್ದೇನೋ! ಖೋಟಾ ಮಾಡುವವರ ಕಾಟ ಎಲ್ಲ ಕಡೆಯೂ ಒಂದೇ.

ಕೀ ಕೊಡುವ ತಿರುಪಿನ ತುದಿಯಲ್ಲಿ ಒಂದು ನೀಲಿ ಕಲ್ಲು. ಮುಳ್ಳುಗಳೂ ನೀಲಿ. ಆದರೆ ಅದು ಬಣ್ಣ ಹಚ್ಚಿದ್ದಲ್ಲ. ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಸಿದರೆ ಅದರ ಮೈಮೇಲೆ ತೆಳುವಾದ ಪದರ ಕಟ್ಟಿ ಆ ಬಣ್ಣ ತಾನೇ ಬರುತ್ತದೆ. ಕಮ್ಮಾರರ ಕುಲುಮೆಯ ಮುಂದೆ ಕುಳಿತು ಬೆಳೆದ ಅಜ್ಜಂದಿರಿಗೆ ಇದು ಹೊಸದಲ್ಲ. ಕುಡಗೋಲಿಗೆ ಹದ ಕೊಡುವಾಗ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಓಡುವುದನ್ನು ನಾವು ಕಂಡಿದ್ದೇವೆ. ಒಂದು ಕ್ಷಣ ಹೆಚ್ಚು ಕಾಸಿದರೆ ನೀಲಿ ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೂದಲೆಳೆಯಂಥ ಮುಳ್ಳಿಗೆ ಆ ಹದ ಹಿಡಿಯುವುದೆಂದರೆ ಸಣ್ಣ ಮಾತಲ್ಲ.

ಎರಡನೆಯದು 'ರಿವರ್ಸೋ'. ಇದರ ಹುಟ್ಟಿಗೂ ನಮ್ಮ ದೇಶಕ್ಕೂ ನಂಟಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೇನಾಧಿಕಾರಿಗಳು ಕುದುರೆ ಮೇಲೆ ಕುಳಿತು ಪೋಲೋ ಆಡುವಾಗ ವಾಚಿನ ಗಾಜು ಒಡೆಯುತ್ತಿತ್ತಂತೆ. ಆಟ ಮುಗಿಯುವ ತನಕ ಮುಖ ಮುಚ್ಚಿಕೊಳ್ಳುವ ಗಡಿಯಾರ ಬೇಕೆಂದು ಅವರು ಕೇಳಿದ್ದಕ್ಕೆ 1931ರಲ್ಲಿ ಇದು ತಯಾರಾಯಿತೆಂದು ಕಂಪನಿಯವರು ಹೇಳುತ್ತಾರೆ. ಹುಡುಗಿ ಕೇಸನ್ನು ಪಕ್ಕಕ್ಕೆ ಸರಿಸಿದಳು. ಅದು ಡ್ರಾಯರಿನಂತೆ ಜಾರಿತು. ಮಗುಚಿ ಹಾಕಿದಳು. 'ಟಕ್' ಎಂದು ಕೂತಿತು. ಮುಖವಿದ್ದಲ್ಲಿ ಈಗ ಬರೀ ಲೋಹದ ಬೆನ್ನು. "ನೀವೂ ಮಾಡಿ ನೋಡ್ರಿ ಅಜ್ಜಾರ" ಎಂದಳು. ನನ್ನ ಕೈ ಸ್ವಲ್ಪ ನಡುಗುತ್ತದೆ, ಹಾಗಾಗಿ ಮೊಮ್ಮಗಳು ಕೆಳಗೆ ಅಂಗೈ ಹಿಡಿದಳು. ಆ 'ಟಕ್' ಸದ್ದು ಇನ್ನೂ ಕಿವಿಯಲ್ಲಿದೆ.

ಮಕ್ಕಳೇ, ಇದನ್ನು ಗುಂಡಗೆ ಮಾಡಲು ಆಗುತ್ತಿತ್ತೇ ಯೋಚಿಸಿ. ಜಾರಲು ನೇರವಾದ ಎರಡು ಅಂಚು ಬೇಕು. ಚೌಕಟ್ಟು ಇಲ್ಲಿ ಬರೀ ಚೆಂದಕ್ಕಲ್ಲ, ಕೆಲಸಕ್ಕೇ ಬೇಕಾದದ್ದು. ಮೇಲೆ ಮೂರು, ಕೆಳಗೆ ಮೂರು ಅಡ್ಡಗೆರೆಗಳಿವೆ. ಉದ್ದನೆಯ ಮುಖಕ್ಕೆ ಅವು ಹಣೆ, ಗದ್ದ ಇದ್ದಂತೆ. ಬೆನ್ನಿನ ಬರಿದು ಜಾಗದಲ್ಲಿ ಜನ ಹೆಸರು, ಲಾಂಛನ, ಚಿತ್ರ ಬಿಡಿಸಿಕೊಳ್ಳತೊಡಗಿದರು. 1936ರ ಒಂದು ರಿವರ್ಸೋದ ಬೆನ್ನಿಗೆ ಭಾರತದ ಹೆಣ್ಣುಮಗಳೊಬ್ಬಳ ಎನಾಮೆಲ್ ಚಿತ್ರವಿದೆ. ಪೆಟ್ಟು ತಪ್ಪಿಸಲಿಕ್ಕೆ ಮಾಡಿದ ಬೆನ್ನು ಚಿತ್ರ ಬರೆಯುವ ಗೋಡೆಯಾಯಿತು.

ಬೆಲೆ ಕೇಳಲಿಲ್ಲ. ಲಕ್ಷಗಳ ಲೆಕ್ಕ ಎಂಬುದು ಗೊತ್ತಿತ್ತು. ಕೇಳಿದ್ದರೆ ಹಿಡಿದ ಕೈ ಇನ್ನಷ್ಟು ನಡುಗುತ್ತಿತ್ತು. ಇಂಥವಕ್ಕೆ 'ಡ್ರೆಸ್ ವಾಚ್' ಎನ್ನುತ್ತಾರೆ, ಮದುವೆ ಮುಂಜಿಗೆ ಒಳ್ಳೆಯ ಬಟ್ಟೆಯ ಜೊತೆ ಕಟ್ಟುವ ಗಡಿಯಾರ. ತೆಳ್ಳಗಿರಬೇಕು, ಅಂಗಿಯ ತೋಳಿನ ಕೆಳಗೆ ಜಾರಬೇಕು. ತೆಳ್ಳಗೆ ಮಾಡುವುದರಲ್ಲಿ ನಮ್ಮವರೇನೂ ಹಿಂದಿಲ್ಲ. ಬೆಂಗಳೂರಿನಿಂದ ಗಡಿ ದಾಟಿದರೆ ಸಿಗುವ ಹೊಸೂರಿನ ಟೈಟಾನ್ ಕಾರ್ಖಾನೆಯವರು 2002ರಲ್ಲಿ ತಂದ 'ಎಡ್ಜ್' ಇಡಿಯಾಗಿ ಮೂರೂವರೆ ಮಿಲಿಮೀಟರ್ ದಪ್ಪ, ಒಳಗಿನ ಯಂತ್ರ 1.15 ಮಿಲಿಮೀಟರ್. ಅದು ಬ್ಯಾಟರಿಯದು, ಕೀ ಕೊಡುವ ಕೆಲಸವಿಲ್ಲ.

ಹೊರಡುವಾಗ ಆ ಹುಡುಗಿ ಒಂದು ಮಾತು ಹೇಳಿದಳು. ಮೂಲೆ ಇರುವ ವಾಚನ್ನು ಸಿಕ್ಕಸಿಕ್ಕವರ ಹತ್ತಿರ ಪಾಲಿಶ್ ಮಾಡಿಸಬಾರದಂತೆ. ತಿಕ್ಕುವ ಚಕ್ರಕ್ಕೆ ಮೊದಲು ಸಿಗುವುದು ಮೂಲೆ ಮತ್ತು ಅಂಚು. ಗುಂಡಗಿನದು ಸವೆದರೂ ಗುಂಡಗೇ ಉಳಿಯುತ್ತದೆ. ಚೌಕದ್ದು ಸವೆದರೆ ಸೋಪಿನ ಬಿಲ್ಲೆಯಾಗುತ್ತದೆ.

ನಾನು ಮಾತಾಡಲಿಲ್ಲ. ಮೊಮ್ಮಗಳ ತಾಯಿಯ ಮದುವೆಗೆ ಮುಂಚೆ ನಾನು ಅದನ್ನೇ ಮಾಡಿದ್ದೆ. ಬೀಗರೆದುರು ವಾಚು ಮಾಸಲಾಗಿ ಕಾಣಬಾರದೆಂದು ಪೇಟೆಯ ಒಂದು ಅಂಗಡಿಯಲ್ಲಿ ಕೊಟ್ಟು, "ಫಳಫಳ ಅನ್ನಬೇಕು ನೋಡ್ರಿ" ಎಂದಿದ್ದೆ. ಫಳಫಳವೇನೋ ಎಂದಿತು. ನಾಲ್ಕು ಮೂಲೆಯಲ್ಲೂ ಬಂಗಾರದ ನೀರು ಹೋಗಿ ಹಿತ್ತಾಳೆ ಕಂಡಿತ್ತು, ಕತ್ತರಿಸಿದಂತಿದ್ದ ಅಂಚುಗಳು ನುಣ್ಣಗಾಗಿದ್ದವು. ಮಾವನವರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಮನೆಯಾಕೆ ಅದನ್ನು ಕೈಯಲ್ಲಿ ಹಿಡಿದು ನೋಡಿ ಒಂದೇ ಮಾತು ಅಂದಳು: "ನಮ್ಮಪ್ಪನ ಹೊಲದ ಬದು ಕೆಡಿಸಿ ಬಂದೀರಿ ನೋಡ್ರಿ." ಮದುವೆ ಮುಗಿದ ಮೇಲೆ ಗಡಿಯಾರ ಡಬ್ಬಿ ಸೇರಿತು. ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಕೆಂಪು ಮಸಿಯಲ್ಲಿ ತಿದ್ದಿ ಸಹಿ ಹಾಕುತ್ತಿದ್ದೆ. ಇದಕ್ಕೆ ಆ ದಾರಿ ಇರಲಿಲ್ಲ.

ಸಂಕ್ರಾಂತಿಗೆ ಮೊಮ್ಮಗಳು ಮತ್ತೆ ಊರಿಗೆ ಬಂದಳು. ಹಳೆಯ ಬೆಲ್ಟು ಜೀರ್ಣವಾಗಿತ್ತು, ಹೊಸದು ಹಾಕೋಣವೆಂದು ಸೂಜಿಯಿಂದ ಬಿಡಿಸಿದೆವು. ಎರಡು ಕೊಂಬುಗಳ ನಡುವಿನ ಸಂದಿಯನ್ನು ಅವಳು ಭೂತಗನ್ನಡಿಯಲ್ಲಿ ನೋಡುತ್ತಿದ್ದವಳು, "ಅಜ್ಜಿ, ಇಲ್ಲಿ ಬಾ" ಎಂದು ಕೂಗಿದಳು. ತಿಕ್ಕುವ ಚಕ್ರ ಅಲ್ಲಿಗೆ ಹೋಗಿರಲಿಲ್ಲ. ನಾಲ್ಕೂ ಒಳಮೂಲೆಗಳಲ್ಲಿ ಬಂಗಾರದ ನೀರು ಹಾಗೇ ಇತ್ತು; ಅಂಚಿನ ಗೆರೆ ಕಾರ್ಖಾನೆಯಿಂದ ಬಂದ ದಿನದಂತೆ ಚೂಪಾಗಿತ್ತು. ಮನೆಯಾಕೆ ಕನ್ನಡಕ ಏರಿಸಿಕೊಂಡು ನೋಡಿದಳು. ಆಮೇಲೆ ಉಗುರಿನಿಂದ ಆ ಗೆರೆಯನ್ನು ಒಂದೊಂದಾಗಿ ನಾಲ್ಕೂ ಕಡೆ ಮುಟ್ಟಿದಳು.

"ಇಷ್ಟ್ ಉಳದೈತಿ" ಎಂದಳು.

ಮೊಮ್ಮಗಳು ಕ್ಯಾಲೆಂಡರ್ ಹಾಳೆಯ ಚೌಕದ ಗಡಿಯಾರವನ್ನು ಶಾಲೆಗೆ ಒಯ್ದಿದ್ದಳಂತೆ. ಮೂಲೆಯ ನಿಮಿಷ ದೊಡ್ಡದೆಂದು ಗೆಳತಿಯರಿಗೆ ಅಳೆದು ತೋರಿಸಿ, ಆಟದ ಪೀರಿಯಡ್ಡನ್ನು ಮೂಲೆಗೇ ಹಾಕಿಸಬೇಕೆಂದು ಎಲ್ಲರೂ ಸೇರಿ ಟೀಚರನ್ನು ಕೇಳಿದರಂತೆ. ಟೀಚರು ಏನೆಂದರೋ, ಅವಳು ಹೇಳಲಿಲ್ಲ.

ಗಡಿಯಾರಕ್ಕೆ ಕೀ ಕೊಟ್ಟೆ, ನಡೆಯಿತು. "ಇದು ನಂಗೆ ಕೊಡ್ತೀಯಾ?" ಎಂದು ಮೊಮ್ಮಗಳು ನನ್ನನ್ನು ಕೇಳಿದಳು. ನಾನು ಮನೆಯಾಕೆಯ ಮುಖ ನೋಡಿದೆ. ಅವಳು ಹೊಸ ಬೆಲ್ಟಿನ ತೂತು ಸರಿಮಾಡುತ್ತ ತಲೆ ಎತ್ತದೆಯೇ ಹೇಳಿದಳು:

"ಎಸ್ಸೆಸ್ಸೆಲ್ಸಿ ಮುಗೀಲಿ, ತಗೊಂಡ್ಹೋಗು. ಆದ್ರ ತಿಕ್ಕಸಬ್ಯಾಡ."